ಹದಿನಾಲ್ಕು ಮಾತ್ರೆ

ಜುಲೈ 3, ಗುರುವಾರ, ಮಧ್ಯಾಹ್ನ 12.40

ಕ್ಯಾನ್ಸರ್ ಅಲ್ಲ, ಅಲ್ಲ, ಅಲ್ಲ! ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ಅತ್ತುಬಿಟ್ಟೆ. ಮದುವೆಯಾದ ಎರಡೇ ತಿಂಗಳಿಗೆ, ಮುಟ್ಟಿಲ್ಲದ ದಿನ ರಕ್ತ ಕಂಡಾಗ ತೀರಿಹೋದ ಚಿಕ್ಕಮ್ಮನೇ ನೆನಪಾಗಿದ್ದಳು. ಅವಳಿಗೂ ಹೀಗೇ ಶುರುವಾಗಿದ್ದು. ನನ್ನದು ಬರೀ ಇನ್‌ಫೆಕ್ಷನ್. ಗರ್ಭಕೋಶದ ಬಾಯಿ ಊದಿ ಕೆಂಪಾಗಿದೆ. ಒಂದು ಬ್ಯಾಕ್ಟೀರಿಯಾ, ಹೆಸರು ಕ್ಲಮೀಡಿಯ — ಹೂವಿನ ಹೆಸರಿನ ಹಾಗಿದೆ! ದಿನಕ್ಕೆರಡು ಮಾತ್ರೆ, ಏಳು ದಿನ.

ಡಾ. ಸುಷ್ಮಿತಾ ಇನ್ನೊಂದು ಚೀಟಿ ಬರೆದರು. "ಇದು ನಿಮ್ಮ ಯಜಮಾನರಿಗೆ. ಅವರೂ ತಗೋಬೇಕು ಕಣಮ್ಮ, ಇಲ್ಲಾಂದ್ರೆ ಮತ್ತೆ ನಿಮಗೇ ಬರುತ್ತೆ. ಗರ್ಭಕೋಶದ ಟ್ಯೂಬ್‌ಗೆ ಏರಿದ್ರೆ ಮಕ್ಕಳಾಗೋದೂ ಕಷ್ಟ."

"ಅವರಿಗೆ ಯಾಕೆ?"

"ಗಂಡ ಹೆಂಡತಿ ಸೇರೋದ್ರಿಂದಲೇ ಇದು ದಾಟೋದು. ಯಾರಲ್ಲಿ ಎಷ್ಟು ದಿನದಿಂದ ಸುಮ್ಮನೆ ಕೂತಿತ್ತೋ, ಲ್ಯಾಬ್ ಹೇಳಲ್ಲ."

ಲ್ಯಾಬ್ ಹೇಳಬೇಕಿಲ್ಲ. ಮೋಹನ್‌ಗಿಂತ ಮೊದಲು ನನಗೆ ಯಾರೂ ಇರಲಿಲ್ಲ.

ಅದೇ ದಿನ, ಸಂಜೆ

ಅಮ್ಮನ ತೀರ್ಪು: "ಉಷ್ಣ ಕಣೇ. ಶಿವಮೊಗ್ಗದಲ್ಲಿ ಬರೀ ಕೋಳಿ ತಿಂದ್ಬುಟ್ಟು ಹಿಂಗಾಗದೆ." ಬಾರ್ಲಿ ನೀರು, ಎಳನೀರು, ನೆತ್ತಿಗೆ ಹರಳೆಣ್ಣೆ. ಎಣ್ಣೆ ಸೋರುವ ತಲೆಯಲ್ಲೇ ಬರೆಯುತ್ತಿದ್ದೇನೆ.

ಆಷಾಢ. ಹೊಸ ಸೊಸೆ ತವರಲ್ಲಿ, ಕೃಷ್ಣಮೂರ್ತಿಪುರಂನಲ್ಲಿ. ಮೋಹನ್ ಶಿವಮೊಗ್ಗದಲ್ಲಿ. ಒಂದು ತಿಂಗಳು ಮುಖ ನೋಡುವ ಹಾಗಿಲ್ಲ. ಫೋನಲ್ಲೇ ಹೇಳಬೇಕು…

ಜುಲೈ 4

ಹೇಳಿದೆ.

"ನಂಗೇನೂ ಆಗಿಲ್ವಲ್ಲೇ. ನಂಗ್ಯಾಕೆ ಮಾತ್ರೆ?"

ಡಾಕ್ಟರ್ ಹೇಳಿದ್ದನ್ನು ಪೂರಾ ಹೇಳಿದೆ. ಕೇಳಿದ, "ನಿಂಗೆ ಎಲ್ಲಿಂದ ಬಂತು?"

ಫೋನ್ ಕಟ್ ಮಾಡಿದೆ.

ಜುಲೈ 13

ಒಂಬತ್ತು ದಿನ. ದಿನಾ ಇಪ್ಪತ್ತು ಹಾರ್ಟ್ ಕಳಿಸುತ್ತಿದ್ದವನು "ಊಟ ಆಯ್ತಾ" ಎನ್ನುತ್ತಾನೆ. ಅಷ್ಟೇ. ನನ್ನ ಮಾತ್ರೆ ಮುಗಿದವು. ರಕ್ತ ನಿಂತಿದೆ. ಅವನದನ್ನೂ ಕೊಂಡಿಟ್ಟಿದ್ದೇನೆ, ಬಳೆ ಡಬ್ಬಿಯಲ್ಲಿ.

ಅತ್ತೆಯ ಫೋನ್: "ಆಷಾಢ ಮುಗೀತಿದ್ದಂಗೆ ಬಂದ್ಬುಡವ್ವ, ಮನೆ ಬಿಕೋ ಅಂತದೆ." ಹೂಂ ಎಂದೆ. ಅವನು ಮಾತ್ರೆ ನುಂಗದಿದ್ದರೆ ಮತ್ತೆ ಅದೇ ರಕ್ತ. ಹೋಗುವುದಿಲ್ಲ ಎಂದರೆ ಯಾರಿಗೆ ಏನು ಕಾರಣ ಹೇಳಲಿ?

ಜುಲೈ 24, ಭೀಮನ ಅಮಾವಾಸ್ಯೆ, ಸಂಜೆ

ಅಳಿಯ ಬರಲೇಬೇಕಾದ ದಿನ. ಬಂದ. ಹೊಸ ಪಂಚೆ. ಗಂಡನ ಪಾದ ತೊಳೆದು ಪೂಜೆ ಮಾಡಬೇಕು, ಮೊದಲ ವರ್ಷ. ಅಮ್ಮ ತಟ್ಟೆ ಅಣಿಮಾಡಿದ್ದಳು. ಮಾತಾಡದೆ ತಂಬಿಗೆ ಎತ್ತಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಬೇಡ ಕಣೇ."

"ಯಾಕಪ್ಪಾ, ನೀರು ತಣ್ಣಗದಾ? ತಡೀರಿ, ಬಿಸಿ ತತ್ತೀನಿ." ಅಮ್ಮ ನಗುತ್ತಾ ಒಳಗೆ ಹೋದಳು.

ಆ ಎರಡು ನಿಮಿಷದಲ್ಲಿ ಹೇಳಿದ. ಮದುವೆಗೆ ಒಂದು ವರ್ಷ ಮೊದಲು, ಕೆಲಸದ ಟ್ರೈನಿಂಗಿಗೆ ಹೋದಾಗ, ಒಬ್ಬಳು. ಆಮೇಲೆ ಮೂತ್ರದಲ್ಲಿ ಉರಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಎರಡು ದಿನ ಮಾತ್ರೆ ತಗೊಂಡ. ಉರಿ ನಿಂತಿತು, ಬಿಟ್ಟ.

"ಗೊತ್ತಿದ್ದೂ ನನ್ನನ್ನೇ ಕೇಳಿದೆಯಲ್ಲ."

"ಹೂಂ… ಭಯ ಆಯ್ತು."

ಪಾದ ತೊಳೆಯಲಿಲ್ಲ. ಎದ್ದು ಹೋಗಿ ಬಳೆ ಡಬ್ಬಿಯಲ್ಲಿದ್ದ ಮಾತ್ರೆ ತಂದೆ. ತಟ್ಟೆಯ ವೀಳ್ಯದೆಲೆಯ ಮೇಲಿಟ್ಟೆ. ತಂಬಿಗೆಯ ನೀರಲ್ಲೇ ಮೊದಲನೆಯದನ್ನು ನುಂಗಿದ.

ಬಿಸಿನೀರು ತಂದ ಅಮ್ಮ ಕೇಳಿದಳು, "ಅಯ್ಯೋ, ಏನಪ್ಪಾ ಮಾತ್ರೆ?"

"ಉಷ್ಣ, ಅತ್ತೆ," ಎಂದ.

"ನೋಡ್ದೇನೇ? ನಾನು ಅವತ್ತೇ ಹೇಳ್ಲಿಲ್ವಾ!"

ಜುಲೈ 27

ಶಿವಮೊಗ್ಗಕ್ಕೆ ಒಬ್ಬನೇ ವಾಪಸ್ ಹೋದವನಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಫೋಟೋ. ಖಾಲಿಯಾಗುತ್ತಿರುವ ಸ್ಟ್ರಿಪ್. ಹಾರ್ಟ್ ಇಲ್ಲ. ನಾನೂ ಕಳಿಸುವುದಿಲ್ಲ. ಅಮ್ಮ ಸೂಟ್‌ಕೇಸಿಗೆ ಬಟ್ಟೆ ಜೋಡಿಸಿಟ್ಟಳು. "ಇನ್ನೊಂದು ವಾರ ಇರ್ತೀನಿ," ಎಂದೆ. ಬೈಸಿಕೊಂಡೆ.

ಜುಲೈ 31, ಬೆಳಿಗ್ಗೆ 9.10

ಹದಿನಾಲ್ಕನೆಯದೂ ಖಾಲಿ. ಫೋಟೋದ ಕೆಳಗೆ ಬರೆದಿದ್ದಾನೆ: "ಮೂರು ತಿಂಗಳಾದ ಮೇಲೆ ಇಬ್ರೂ ಟೆಸ್ಟ್ ಮಾಡಿಸೋಣ. ಬರ್ತೀಯಾ?"

ಕ್ಷಮಿಸಿದೆನಾ? ಇನ್ನೂ ಇಲ್ಲ. ಪ್ರೀತಿ ಇದೆಯಾ? ಅಯ್ಯೋ, ಇದೆ, ಅದೇ ಕಷ್ಟ! ಅವನನ್ನು ಕೇಳುವುದು ಇನ್ನೂ ಇದೆ. ಎದುರು ಕೂತು ಕೇಳಬೇಕು, ಫೋನಲ್ಲಲ್ಲ.

ಟೈಪ್ ಮಾಡಿದೆ — ಭಾನುವಾರ ಬರ್ತೀನಿ, ಬೆಳಗಿನ ತಾಳಗುಪ್ಪ ಟ್ರೈನಲ್ಲಿ.