ಚಿಕ್ಕಣ್ಣನಿಗೊಂದು ವಿಶೇಷಣ

೧೧ ಮಾರ್ಚ್ ೧೯೫೭, ಸೋಮವಾರ

ರಿಬ್ಬನ್ ಮತ್ತೆ ಮಸುಕು. ಬೆರಳೆಲ್ಲ ಮಸಿ. ಈ ಬೀಗದ ಕಾರ್ಖಾನೆಗೆ ಟೈಪಿಸ್ಟ್ ಆಗಿ ಸೇರಿ ನಾಲ್ಕು ತಿಂಗಳಾಯಿತು, ಕೈ ತೊಳೆದದ್ದೇ ಹೆಚ್ಚು.

ಮಧ್ಯಾಹ್ನ ಮ್ಯಾನೇಜರ್ ಲಕ್ಷ್ಮೀಪತಿಯವರು ಒಳಗೆ ಕರೆದರು. ಸ್ಟೋರ್‌ಕೀಪರ್ ಚಿಕ್ಕಣ್ಣನ ಪ್ರೊಬೇಷನ್ ಈ ತಿಂಗಳಿಗೆ ಮುಗಿಯುತ್ತದೆ. ಕಾನ್ಫಿಡೆನ್ಷಿಯಲ್ ರಿಪೋರ್ಟ್ ಹೆಡ್ಡಾಫೀಸಿಗೆ ಹೋಗಬೇಕು. ಅದು ಚೆನ್ನಾಗಿದ್ದರೆ ಕೆಲಸ ಖಾಯಂ. ಇಲ್ಲದಿದ್ದರೆ ಮನೆ.

"ಆತನಿಗೆ ಜಂಬ ಜಾಸ್ತಿ ಅಮ್ಮ. ಅದಕ್ಕೊಂದು ಒಳ್ಳೇ ಇಂಗ್ಲಿಷ್ ಪದ ಹೇಳು. ಪ್ರೌಡ್ ಬೇಡ. ಹೊಗಳಿದ ಹಾಗಿರತ್ತೆ."

ನನ್ನನ್ನು ಪದ ಕೇಳಿದರೆ ಕೇಳಬೇಕೆ! ಬಾಯಿಂದ ಹಾರಿಯೇಬಿಟ್ಟಿತು — ಆಸ್ಟೆಂಟೇಷಸ್. ಸಾಹೇಬರು ಎರಡು ಸಲ ಹೇಳಿ ನೋಡಿದರು. "ಭೇಷ್! ಹಾಕು ಡ್ರಾಫ್ಟ್‌ನಲ್ಲಿ." ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ. ಸಂಜೆವರೆಗೂ ಹಿಗ್ಗು.

ಜಂಬಕ್ಕೆ ಸಾಕ್ಷಿ ಇದೆ. ಸ್ಟೋರಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು. ಫಿಟ್ಟರುಗಳು, ಲಾರಿಯವರು, ಯಾರಾದರೂ ಸರಿ. ಹೋದ ವಾರ ಸಾಹೇಬರಿಗೇ "ಬೂಟು ಆಚೆ ಬಿಡಿ ಸಾರ್" ಅಂದನಂತೆ. ಅವರು ಬಾಗಿಲಿಂದಲೇ ವಾಪಸ್.

೧೨ ಮಾರ್ಚ್, ಮಂಗಳವಾರ

ರಾತ್ರಿ ನಿದ್ದೆ ಬರುವ ಮುಂಚೆ ಒಂದು ಅನುಮಾನ. ಬೆಳಗ್ಗೆ ಎದ್ದವಳೇ ಸ್ಕೂಲಿನಲ್ಲಿ ಬಹುಮಾನ ಬಂದ ಡಿಕ್ಷನರಿ ತೆಗೆದೆ. ಕಾಫಿ ಆರಿತು. ಅಮ್ಮನಿಂದ ಮಂಗಳಾರತಿ.

ಆಸ್ಟೆಂಟೇಷಸ್ — ನಾಲ್ಕು ಜನ ನೋಡಲಿ ಎಂದು ಮಾಡುವವನು. ಪಾಂಪಸ್ — ಮಾತಿನಲ್ಲಿ, ನಡಿಗೆಯಲ್ಲಿ ತಾನೇ ದೊಡ್ಡವನೆಂಬ ಗತ್ತು. ಪ್ರಿಟೆನ್ಷಸ್ — ತನ್ನಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸಿಕೊಳ್ಳುವವನು. ಮೂರಕ್ಕೂ ನಮ್ಮ ಕಡೆ ಜಂಬ ಎಂದೇ ಅನ್ನುತ್ತೇವೆ. ಆದರೆ ಮೂವರೂ ಬೇರೆ ಬೇರೆ ಮನುಷ್ಯರು!

ಚಿಕ್ಕಣ್ಣ ಇವರಲ್ಲಿ ಯಾರು? ನನಗೆ ಗೊತ್ತಿಲ್ಲ. ಅವನ ಜೊತೆ ಸರಿಯಾಗಿ ಮಾತೇ ಆಡಿಲ್ಲ. ಅಳತೆ ತೆಗೆದುಕೊಳ್ಳದೆ ರವಿಕೆ ಹೊಲಿದ ಹಾಗಾಯಿತು. ಇರಲಿ, ಫೇರ್ ಕಾಪಿ ಹೋಗುವುದು ಮೂವತ್ತಕ್ಕೆ. ನೋಡಿಯೇಬಿಡೋಣ.

೧೪ ಮಾರ್ಚ್, ಗುರುವಾರ

ರಿಬ್ಬನ್ ಕೇಳುವ ನೆಪದಲ್ಲಿ ಸ್ಟೋರಿಗೆ ಹೋದೆ. ಮೂವತ್ತರ ಆಸುಪಾಸಿನ ಆಳು. ಒಗೆದ ಪಂಚೆ, ಖಾಕಿ ಕೋಟು. ಎದ್ದು ನಿಂತೇ ಮಾತಾಡಿದ.

"ಚಪ್ಪಲಿ ಅಲ್ಲೇ ಬಿಡಿ ಅಮ್ಮಾವ್ರೇ."

"ಯಾಕೆ?"

"ನಮ್ಮ ಜಾಗ ಅಮ್ಮಾವ್ರೇ, ಅದಕ್ಕೇಯ."

ದನಿ ಎಷ್ಟು ಮೆತ್ತಗೆಂದರೆ, ಎರಡನೇ ಸಲ ಕೇಳಿಸಿಕೊಳ್ಳಬೇಕಾಯಿತು. ಪಾಂಪಸ್ ಅಲ್ಲ. ಹೊಡೆದುಹಾಕಿದೆ. ಆದರೆ — "ನಮ್ಮ ಜಾಗ"! ಕಂಪನಿಯ ಗೋಡೌನು ಇವನದು ಯಾವಾಗ ಆಯಿತು? ಸಿಕ್ಕಿತು. ಪ್ರಿಟೆನ್ಷಸ್. ಆ ಮಾತಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡೆ.

ರಿಬ್ಬನ್ ಕೊಟ್ಟ. ರಿಜಿಸ್ಟರಿನಲ್ಲಿ ಎಂಥ ಅಚ್ಚುಕಟ್ಟಾದ ಅಕ್ಷರ.

೧೮ ಮಾರ್ಚ್, ಸೋಮವಾರ. ಬೆಳಗ್ಗೆ ೭-೪೦

ಬೇಕೆಂದೇ ಬೇಗ ಬಂದೆ. ನನ್ನ ಕಿಟಕಿಯಿಂದ ಸ್ಟೋರಿನ ಬಾಗಿಲು ಚೆನ್ನಾಗಿ ಕಾಣುತ್ತದೆ. ಅಂಗಳದಲ್ಲಿ ನರಪಿಳ್ಳೆ ಇಲ್ಲ.

ಚಿಕ್ಕಣ್ಣ ಬಂದ. ಬೀಗ ತೆಗೆದ. ಟೈರ್ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ನೋಡುವವರು ಯಾರೂ ಇಲ್ಲ, ಆದರೂ ಬಿಟ್ಟ!

ಹಾಗಾದರೆ ಆಸ್ಟೆಂಟೇಷಸ್ ಅಲ್ಲ. ನಾನೇ ಕೊಟ್ಟ ಪದ.

ಮಧ್ಯಾಹ್ನ — ಸಾಹೇಬರಿಗೆ ಆ ಪದ ಬಲು ಹಿಡಿಸಿಬಿಟ್ಟಿದೆ. ಇವತ್ತು ಗೇಟಿನವನ ಮೀಸೆ ಆಸ್ಟೆಂಟೇಷಸ್. ಹೆಡ್ಡಾಫೀಸಿನ ಹೊಸ ಕಾರೂ ಆಸ್ಟೆಂಟೇಷಸ್. ಹೇಳುವಾಗ ಕನ್ನಡಕ ಬೇರೆ ತೆಗೆಯುತ್ತಾರೆ. ನನಗೆ ನಗು, ಅದರ ಹಿಂದೆಯೇ ಹೆದರಿಕೆ.

೨೬ ಮಾರ್ಚ್, ಮಂಗಳವಾರ

ಎಂಟು ದಿನ ಬರೆಯಲಿಲ್ಲ. ಬರೆಯಲು ಮನಸ್ಸಾಗಲಿಲ್ಲ.

ಇವತ್ತು ಚಿಕ್ಕಣ್ಣನ ತಾಯಿ ಬಂದಿದ್ದರು, ಮುನಿತಾಯಮ್ಮ. ಹೊಸಹಳ್ಳಿಯಿಂದ ಮಗನಿಗೆ ಮುದ್ದೆ, ಸೊಪ್ಪಿನ ಸಾರು. ಸ್ಟೋರಿನ ಹೊಸ್ತಿಲ ಹತ್ತಿರ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನೂ ಬಾಗಿಲಿಗೆ ಹೋಗಿ ಒಳಗೆ ದೇವರ ಪಟ ಇದೆಯೇ ಎಂದು ನೋಡಿದೆ. ಬೋಲ್ಟು, ಸ್ಪ್ರಿಂಗು, ಎಣ್ಣೆ ಡಬ್ಬ. ತಡೆಯಲಾಗಲಿಲ್ಲ, ಕೇಳಿದೆ.

"ಇದು ನಮ್ಮ ಕಣ ಇದ್ದ ಜಾಗ ತಾಯಿ. ಇಲ್ಲೇ ರಾಗಿ ಒಕ್ತಿದ್ದುದು. ಈ ಗ್ವಾಡೆ ಇದೆ ನೋಡು, ಅಲ್ಲೇ ರಾಸಿ ಮಾಡಿ ಪೂಜೆ ಮಾಡ್ತಿದ್ವಿ."

"ಈಗ ಕಣ ಇಲ್ವಲ್ಲ?"

"ಸಿಮಿಟಿ ಬಳುದ್ರೆ ಕಣ ಎಲ್ಲಿಗೋದಾತು? ಕಣಕ್ಕೆ ಯಾರಾದ್ರೂ ಮೆಟ್ಟು ಮೆಟ್ಕಂಡು ಹೋಯ್ತಾರಾ? ಅನ್ನ ಬಿದ್ದ ನೆಲ."

ಏಳು ವರ್ಷದ ಹಿಂದೆ ಕಾರ್ಖಾನೆಗೆಂದು ಹೊಲ ಬಿಟ್ಟುಕೊಟ್ಟರಂತೆ. ಮನೆಗೊಂದು ಕೆಲಸ ಎಂದಿದ್ದರಂತೆ. ಆ ಕೆಲಸ ಬಂದದ್ದು ಹೋದ ಸೆಪ್ಟೆಂಬರಿನಲ್ಲಿ.

"ನಿಮ್ಮ ಮಗ ಇದನ್ನ ಎಲ್ಲರಿಗೂ ಹೇಳಬಾರದಾ?"

"ಕೇಳಿದೋರು ಯಾರವ್ವ?"

ನಾನು ಕೇಳಿದ್ದೆ. ಅವನು ಹೇಳಿಯೂ ಇದ್ದ. ನಾನು ಅದರ ಪಕ್ಕ ಪ್ರಿಟೆನ್ಷಸ್ ಎಂದು ಗುರುತು ಹಾಕಿಕೊಂಡೆ. ನಾಚಿಕೆಯಾಗುತ್ತಿದೆ. ತುಂಬಾ.

೨೮ ಮಾರ್ಚ್, ಗುರುವಾರ

ಸಾಹೇಬರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು.

"ಇರಬಹುದಮ್ಮ. ಆದ್ರೆ ಹೊಲ ಬೇರೆ, ಕಾರ್ಖಾನೆ ಬೇರೆ. ಅಷ್ಟು ಜನರ ಮುಂದೆ ನನಗೆ ಬೂಟು ಬಿಚ್ಚು ಅಂದನಲ್ಲ."

"ಒಂದು ಸಲ ನೀವೇ ಹೋಗಿ ಕೇಳಿ ಸಾರ್."

"ಬೂಟು ಬಿಚ್ಚಿಯಾ?" ನಕ್ಕರು. "ಎಂಥಾ ಒಳ್ಳೇ ಪದ. ತೆಗೆಯೋಕೆ ಮನಸ್ಸೇ ಬರಲ್ಲ. ನಾಡಿದ್ದು ಫೇರ್ ಮಾಡು."

೩೦ ಮಾರ್ಚ್, ಶನಿವಾರ. ೧೧-೧೫

ಫೇರ್ ಕಾಪಿ ಮೆಷಿನ್ನಿನಲ್ಲಿದೆ. ಹನ್ನೆರಡಕ್ಕೆ ಟಪಾಲು. ಮೇಲಿನದೆಲ್ಲ ಆಯಿತು. ಹೆಸರು, ಹಾಜರಿ, ಕೆಲಸ ತೃಪ್ತಿಕರ. ರಿಮಾರ್ಕ್ಸ್ ಎಂದು ಟೈಪ್ ಮಾಡಿ ನಿಲ್ಲಿಸಿದೆ. ಬೆರಳು ಮುಂದೆ ಹೋಗಲಿಲ್ಲ.

ಎದ್ದು ಒಳಗೆ ಹೋದೆ. "ಸಾರ್, ಆ ಪದ ಕೊಟ್ಟವಳು ನಾನು. ಆತನನ್ನ ನೋಡದೆ ಕೊಟ್ಟೆ. ನನ್ನ ಇಂಗ್ಲಿಷ್ ನಿಮಗೆ ತೋರಿಸಿಕೊಳ್ಳಬೇಕಾಗಿತ್ತು, ಅದಕ್ಕೇ ಕೊಟ್ಟೆ. ಆ ಪದ ಯಾರಿಗಾದರೂ ಹೊಂದತ್ತೆ ಅಂದರೆ ಅದು ನನಗೇ. ನಾನು ಟೈಪ್ ಮಾಡಲ್ಲ."

ಹೇಗೆ ಹೇಳಿದೆನೋ! ನನ್ನ ಪ್ರೊಬೇಷನ್ ಮುಗಿಯಲೂ ಇನ್ನೂ ಎರಡು ತಿಂಗಳಿದೆ.

"ಡಿಕ್ಷನರಿ ನಿನ್ನದು, ಸಹಿ ನನ್ನದು," ಎಂದರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ಬೂಟಿನ ಸಪ್ಪಳ ಕಾರಿಡಾರ್ ಉದ್ದಕ್ಕೂ ಕೇಳಿಸಿತು. ಆಮೇಲೆ ಅಂಗಳದ ಜಲ್ಲಿಯ ಮೇಲೆ. ಆಮೇಲೆ ಇಲ್ಲ.

೧೧-೪೦

ಇನ್ನೂ ಬಂದಿಲ್ಲ. ಟಪಾಲಿನವನು ಎರಡು ಸಲ ಇಣುಕಿದ. ಕಿಟಕಿಯ ಹತ್ತಿರ ಹೋಗಲು ಧೈರ್ಯವಿಲ್ಲ.

ಹೋದೆ. ಸ್ಟೋರಿನ ಬಾಗಿಲಲ್ಲಿ ಟೈರ್ ಚಪ್ಪಲಿ ಒಂದು ಜೊತೆ. ಪಕ್ಕದಲ್ಲಿ ಕಪ್ಪು ಬೂಟು ಒಂದು ಜೊತೆ. ಒಂದರೊಳಗೆ ಕಾಲುಚೀಲ ಮಡಿಸಿ ಇಟ್ಟಿದೆ...

ಬರುತ್ತಿದ್ದಾರೆ. ಬೂಟು ಕೈಯಲ್ಲೇ ಇದೆ. ಅಂಗಳದಿಂದಲೇ ಕೂಗುತ್ತಿದ್ದಾರೆ — "ಅಲಮೇಲು, ರಿಮಾರ್ಕ್ಸ್ ಬರ್ಕೋ ಅಮ್ಮ. ಕನ್ನಡದಲ್ಲಿ ಹೇಳ್ತೀನಿ, ಇಂಗ್ಲಿಷಿಗೆ ನೀನು ಹಾಕು, ಚಿಕ್ಕ ಪದ ಸಾಕು" —

ಪೆನ್ಸಿಲ್ ಎಲ್ಲಿ