ಎಡಗಡೆಯ ಪ್ಲಗ್ ವೈರ್

ವರ್ಕ್‌ಶಾಪಿನ ಹಿಂದಿನ ಕೋಣೆ,
೧೪ನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪಾ? ಹೊತ್ತಿಗೆ ಸರಿಯಾಗಿ ಕೂತು ಊಟ ಮಾಡುತ್ತೀಯೋ, ಇಲ್ಲ ನಿಂತಲ್ಲೇ ಏನನ್ನೋ ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ಬೆನ್ನುನೋವು ಹೇಗಿದೆ? ಗೋಡೌನಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಅಂತ ನಿಮ್ಮಮ್ಮ ಹೇಳಿದಳು. ಸ್ಪ್ಯಾನರ್ ಹಿಡಿಯುವ ಕೈಗೆ ಅದೆಂಥ ಕೆಲಸವೋ, ನನಗಂತೂ ಹಿಡಿಸಲಿಲ್ಲ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ, ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ ಹೊರಟೆ ಅನ್ನುವುದೇ ಮರೆತುಹೋಗಿರುತ್ತದೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಬಾಗಿಲಿಗೆ ಹೋಗಿ ಬಂದೆ.

ನಿಮ್ಮಮ್ಮನ ಮಣಿಕಟ್ಟಿನ ಪಟ್ಟಿ ಬಿಚ್ಚಿದ್ದಾರೆ. ಮೂಳೆ ಕೂಡಿದೆ, ಬೆರಳು ಮಾತ್ರ ಪೂರ್ತಿ ಮಡಚಲು ಬರುವುದಿಲ್ಲ. ಬಟ್ಟೆ ಹಿಂಡುವುದು ನನ್ನ ಪಾಲಿಗೆ ಬಂದಿದೆ. ನಾನು ಹಿಂಡಿದ್ದನ್ನು ಎಡಗೈಯಲ್ಲಿ ಮುಟ್ಟಿ ನೋಡಿ, "ಇನ್ನೂ ಅರ್ಧ ಬಕೆಟ್ ನೀರು ಇದರಲ್ಲೇ ಇದೆಯಲ್ರೀ" ಅನ್ನುತ್ತಾಳೆ. ನಗುತ್ತಾಳೆ, ಆದರೆ ಊಟದ ಹೊತ್ತಿನಲ್ಲಿ ನಿನ್ನ ಮಾತು ಬಂದರೆ ತಟ್ಟೆ ಹಾಗೇ ಬಿಟ್ಟು ಏಳುತ್ತಾಳೆ. ನಿನ್ನಿಂದ ಕೈ ಮುರಿಯಿತು ಅಂತ ಅವಳು ಒಂದು ದಿನವೂ ಅಂದವಳಲ್ಲ. ಅಂದವನು ನಾನು, ಅದೂ ಗಿರಾಕಿಗಳ ಎದುರಿಗೆ. "ಒಂದು ವೈರ್ ಕಟ್ಟೋಕೆ ಬರ್ದೇ ಇರೋನು ಮೆಕ್ಯಾನಿಕ್ ಅಂತೆ" ಅಂದೆ. ನೀನು ಕೈ ಒರೆಸಿಕೊಂಡು ಹೊರಟೆ. ಮೂರು ತಿಂಗಳಾಯಿತು.

ಅಂದಿನಿಂದ ನಮ್ಮ ಎರಡು ಸಿಲಿಂಡರಿನ ಹಳೆಯ ಬೈಕು ಮೂಲೆಯಲ್ಲೇ ನಿಂತಿತ್ತು, ಅದರ ಹತ್ತಿರ ಹೋಗಲು ಮನಸ್ಸು ಬರುತ್ತಿರಲಿಲ್ಲ. ಇವತ್ತು ತಡೆಯಲಾಗದೆ ಪೆಟ್ರೋಲ್ ಟ್ಯಾಂಕ್ ಇಳಿಸಿದೆ. ಬಲಗಡೆಯ ಪ್ಲಗ್ ವೈರ್ ನೀನು ಹಾಕಿದ ಹಾಗೇ ಇದೆ. ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಹೊರಟು ಫ್ರೇಮಿನ ಪೈಪಿನ ಗುಂಟ ಬಂದು, ಕ್ಲಿಪ್ಪಿನೊಳಗೆ ತೂರಿ, ಎಂಜಿನ್ ಅಲುಗಿದರೂ ಎಳೆಯದಷ್ಟು ಸಡಿಲ ಇಟ್ಟುಕೊಂಡು, ಬಿಸಿ ತಾಗದಂತೆ ಪ್ಲಗ್ಗಿಗೆ ಇಳಿದಿದೆ. ಟ್ಯಾಂಕಿನ ಅಂಚು ಎಲ್ಲೂ ಉಜ್ಜಿಲ್ಲ. ನನ್ನ ಕೈಯಲ್ಲೂ ಇಷ್ಟು ನೀಟಾಗಿ ಬರುತ್ತಿರಲಿಲ್ಲ, ಒಪ್ಪಿಕೊಂಡೆ. ಎಡಗಡೆಯದು ಕಾದ ಎಂಜಿನ್ನಿನ ಮೇಲೆ ಜೋತುಬಿದ್ದು, ರಬ್ಬರು ಕರಗಿ ಒಳಗಿನ ತಂತಿ ಕಾಣುತ್ತಿದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅಲ್ಲೇ ಹಾರಿಹೋಗಿದೆ. ಅದಕ್ಕೇ ಅವತ್ತು ನಾನೂ ನಿಮ್ಮಮ್ಮನೂ ಕನ್ನಡಕದ ಅಂಗಡಿಗೆ ಹೊರಟಾಗ ಗಾಡಿ ನಾಲ್ಕು ರಸ್ತೆ ಸೇರುವಲ್ಲಿ ಜಗ್ಗಿ ನಿಂತದ್ದು, ಹಿಂದೆ ಕೂತಿದ್ದ ನಿಮ್ಮಮ್ಮ ಬಿದ್ದದ್ದು.

ನನ್ನ ಚಾಳಿ ನಿನಗೆ ಗೊತ್ತಲ್ಲ. ಇನ್ನೊಬ್ಬರು ಬಿಗಿದ ಬೋಲ್ಟನ್ನು ಬಿಚ್ಚಿ ಮತ್ತೆ ಬಿಗಿಯದಿದ್ದರೆ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ತಾನು ಹಾಸಿದ ಹಾಸಿಗೆಯನ್ನೂ ನಾನು ಕೊಡವಿ ಹಾಸುತ್ತೇನೆ ಅಂತ ನಿಮ್ಮಮ್ಮ ಮದುವೆಯಾದಂದಿನಿಂದ ಬೈಯುತ್ತಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗದು. ಇರಲಿ, ಏನೋ ಬರೆಯಲು ಹೋಗಿ ಏನೋ ಬರೆಯುತ್ತಿದ್ದೇನೆ.

ಹೊಸ ವೈರ್ ತಂದಿಟ್ಟಿದ್ದೇನೆ, ಹಾಕಿಲ್ಲ. ಭಾರ ಎತ್ತುವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ. ನಿಮ್ಮಮ್ಮನ ಆಶೀರ್ವಾದ ಇದರ ಜೊತೆಗಿದೆ. ನನ್ನದೂ ಇದೆ, ಬೇಕೆನಿಸಿದರೆ ತೆಗೆದುಕೋ.

ಇಂತಿ,
ನಿನ್ನ ಅಪ್ಪ

ಮ. ವಿ.: ಇದನ್ನು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಎಡಗಡೆಗೂ ನೀನು ಕ್ಲಿಪ್ ಹಾಕಿದ್ದೆ. ಅವತ್ತು ಬೆಳಗ್ಗೆ ನೀನು ಸ್ನಾನಕ್ಕೆ ಹೋದಾಗ ಅದನ್ನು ಬಿಚ್ಚಿ ನನ್ನ ಪದ್ಧತಿಯಂತೆ ಟೇಪ್ ಸುತ್ತಿದವನು ನಾನು. ಬಲಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ನಿಮ್ಮಮ್ಮ ಹೊರಡಲು ಕರೆದಳು. ಬಿಸಿಗೆ ಟೇಪ್ ಬಿಟ್ಟುಕೊಂಡಿತು. ಗಾಡಿ ಜಗ್ಗಿದಾಗಲೇ ನನಗೆ ಗೊತ್ತಾಯಿತು, ಗೊತ್ತಿದ್ದೂ ನಿನಗೆ ಬೈದೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಈ ಕಾಗದ ಅಂಚೆ ಡಬ್ಬಿಗೆ ಹಾಕಿ ಬಂದು ಹೇಳುತ್ತೇನೆ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅವರ ಮುಂದೆಯೇ ನುಂಗಬೇಕಾಗಿದೆ, ಅದನ್ನು ನೋಡಲಿಕ್ಕಾದರೂ ಬಾ.