ರೀಸೈಕಲ್ ಬಿನ್‌ನಲ್ಲಿದ್ದ ಹಾಡುಗಳು

ಮಚ್ಛೇಂದ್ರ,

ನೀನು ಹಾಡಿದ ಭೀಮಗೀತೆಗಳು ನಮ್ಮ ಗಾಂಧಿ ಗಂಜ್ ಪೇಟೆಯ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಿಂದ ಅಳಿಸಿಹೋಗಿವೆ. ತಿಳಿಸಿದವರು ರಿಪೇರಿಯ ಕರೀಮ ಸಾಬರು, ಅದೂ ಖುಷಿಯಿಂದ.

"ಏಕನಾಥಭಾಯಿ, ಕ್ಲೀನರ್ ಹಾಕಿ ಕಚರಾ ಎಲ್ಲಾ ಸಾಫ್ ಮಾಡೀನ್ರಿ. ಈಗ ಮಷೀನ್ ಕುದರಿ ಓಡಿದಂಗ ಓಡ್ತದ ನೋಡ್ರಿ!"

ಗಿರಾಕಿಗಳು ಎಲ್ಲ ಫೋಲ್ಡರ್ ತೆರೆದು ನೋಡುತ್ತಾರೆ, ರೀಸೈಕಲ್ ಬಿನ್‌ಗೆ ಮಾತ್ರ ಯಾರೂ ಕೈಹಾಕುವುದಿಲ್ಲ ಎಂದು ನೀನೇ ಅವನ್ನು ಅಲ್ಲಿಟ್ಟಿದ್ದೆ. ಬರಗಾಲದಲ್ಲಿ ಅಂಗಡಿಗೆ ಕೆಲಸ ಬರುವುದು ನಿಂತು ನೀನು ಹೈದರಾಬಾದಿಗೆ ಹೋದೆ. ಅಲ್ಲೇ ತೀರಿಕೊಂಡ ಮೇಲೂ ನಾನು ಆ ಹಾಡುಗಳ ಜಾಗ ಬದಲಿಸಲಿಲ್ಲ.

ಟೈಪಿಂಗ್ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು ನಾವು ವರ್ಷಗಟ್ಟಲೆ ಜಗಳವಾಡಿದೆವು. ಕ್ಲೀನರ್ ಬೇಡವೇ ಬೇಡ ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಈಗ ಸಿಕ್ಕ ರಿಕವರಿ ಸಾಫ್ಟ್‌ವೇರ್‌ಗಳನ್ನೆಲ್ಲ ಹಾಕಿ ನೋಡಿದೆ. ಹಾಡುಗಳ ಹೆಸರುಗಳು ಬರುತ್ತವೆ. ಒತ್ತಿದರೆ ಬರೀ ಗೊರಗೊರ ಸದ್ದು.

ಸಂಜೆ ನಿನ್ನ ತಾಯಿ ಜಿಜಾಬಾಯಿ ಫೋನ್ ಮಾಡಿದ್ದರು.

"ಹೊಸಾ ಮೊಬೈಲ್ ತಗೊಂಡೀನಪ ಏಕನಾಥ. ನಮ್ಮ ಮಚ್ಛೇಂದ್ರನ ಹಾಡು ಇದರಾಗ ಹಾಕಿಕೊಡು. ಓಣ್ಯಾಗ ಎಲ್ಲಾರಿಗೂ ಕೇಳಸ್ತೇನಿ."

"ಬರ್ರಿ ಅವ್ವ" ಎಂದೆ.

ಗುರುವಾರ ಬೆಳಿಗ್ಗೆ ಅವರು ಭಾಲ್ಕಿಯಿಂದ ಬಸ್ಸಿಗೆ ಬರುತ್ತಾರೆ.